₹23.60ರ ಒಂದು ಸಾಲು: ಚಿಕ್ಕಮಗಳೂರಿನ ಕಾಫಿ ಪುಡಿ ಅಂಗಡಿಯೊಂದರ ಗೇಟ್‌ವೇ ಚಾರ್ಜ್ ಪ್ರಕರಣ

ಚಿಕ್ಕಮಗಳೂರು ಪೇಟೆಯಲ್ಲಿ ಕಾಫಿ ಬೀಜ ಹುರಿದು, ಬೀಸಿ ಮಾರುವ ಅಂಗಡಿ ಇದು. ಕೌಂಟರಿನ ವ್ಯಾಪಾರ ಹಳೆಯದು. ಸ್ವಂತ ವೆಬ್‌ಸೈಟ್ ಮಾಡಿಸಿ ಬೆಂಗಳೂರು, ಮೈಸೂರು, ಹೈದರಾಬಾದ್, ಮುಂಬೈಗೆ ಕೊರಿಯರ್ ಕಳಿಸಲು ಶುರು ಮಾಡಿದ್ದು ಈಚೆಗೆ. ಮಾರುವುದು ಚಿಕೋರಿ ಬೆರೆಸದ ಫಿಲ್ಟರ್ ಪುಡಿ, ಅರ್ಧ ಕೆಜಿ ಪೊಟ್ಟಣ, ಎಂಆರ್‌ಪಿ ₹450. ತಿಂಗಳಿಗೆ ಆನ್‌ಲೈನ್‌ನಲ್ಲಿ 300 ಆರ್ಡರ್, ಒಟ್ಟು ₹3 ಲಕ್ಷದ ವಹಿವಾಟು. ಅಂಗಡಿಯ ಹೆಸರು ಇಲ್ಲಿ ಬೇಡ. ಲೆಕ್ಕ ಕಣ್ಣಿಗೆ ನಿಲ್ಲಲೆಂದು ಅಂಕಿಗಳನ್ನು ದುಂಡಗೆ ಮಾಡಿಕೊಂಡಿದ್ದೇವೆ.

ವೆಬ್‌ಸೈಟ್ ಮಾಡಿಕೊಟ್ಟವರು ಪೇಮೆಂಟ್ ಪುಟದಲ್ಲಿ ಒಂದು ಸಾಲು ಸೇರಿಸಿದ್ದರು: ‘ಪೇಮೆಂಟ್ ಗೇಟ್‌ವೇ ಚಾರ್ಜ್, ಶೇ 2.36’. ಗೇಟ್‌ವೇ ಅಂದರೆ ಆನ್‌ಲೈನ್‌ನಲ್ಲಿ ಗಿರಾಕಿ ಕೊಟ್ಟ ಹಣವನ್ನು ಪಡೆದು ಅಂಗಡಿಯ ಖಾತೆಗೆ ಹಾಕುವ ಕಂಪನಿ. ಅವರು ಶೇ 2 ಹಿಡಿಯುತ್ತಾರೆ, ಅದರ ಮೇಲೆ ಶೇ 18 ಜಿಎಸ್‌ಟಿ, ಕೂಡಿದರೆ 2.36. ಕೈಯಿಂದ ಕಳೆದುಕೊಳ್ಳುವುದೇಕೆ, ಕೊಳ್ಳುವವರೇ ಕೊಡಲಿ ಎಂಬ ತರ್ಕ. ಹನ್ನೊಂದು ತಿಂಗಳು ಯಾರೂ ಸೊಲ್ಲೆತ್ತಲಿಲ್ಲ.

ತಕರಾರು ಬಂದದ್ದು ಬೆಂಗಳೂರಿನ ಒಂದು ಆರ್ಡರಿನಿಂದ. ಎರಡು ಪೊಟ್ಟಣ ₹900, ಕೊರಿಯರ್ ₹100, ಗೇಟ್‌ವೇ ಚಾರ್ಜ್ ₹23.60, ಒಟ್ಟು ₹1,023.60. ಹಣ ಕೊಟ್ಟದ್ದು ಯುಪಿಐನಲ್ಲಿ. ಫಿಲ್ಟರಿಗೆ ಬೇಕಾದ ತರಿ ಪುಡಿಯ ಬದಲು ನುಣ್ಣನೆಯ ಪುಡಿ ಹೋಗಿತ್ತು, ತಪ್ಪು ಅಂಗಡಿಯದೇ. ಮಾಲು ವಾಪಸ್ ಬಂತು, ಅಂಗಡಿ ₹1,000 ಮರಳಿಸಿತು. ₹23.60 ಕೊಡಲಿಲ್ಲ, ‘ಅದು ಗೇಟ್‌ವೇಯವರಿಗೆ ಹೋಗಿದೆ, ನಮ್ಮ ಹತ್ತಿರ ಇಲ್ಲ’ ಎಂದಿತು. ಗಿರಾಕಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟರು. ದೂರಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಯುಪಿಐನಲ್ಲಿ ಕೊಟ್ಟ ದುಡ್ಡಿಗೆ ಯಾವ ಗೇಟ್‌ವೇ ಎಷ್ಟು ಹಿಡಿಯಿತು, ತೋರಿಸಿ.

ತೋರಿಸಲು ಹೋದಾಗ ಲೆಕ್ಕವೆಲ್ಲ ಬಿಚ್ಚಿಕೊಂಡಿತು.

ಸೆಟಲ್‌ಮೆಂಟ್ ವರದಿ ಹೇಳಿದ್ದು

ಗೇಟ್‌ವೇಯ ಡ್ಯಾಶ್‌ಬೋರ್ಡಿನಿಂದ ತಿಂಗಳ ಸೆಟಲ್‌ಮೆಂಟ್ ವರದಿಯನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಬಹುದು. ಪ್ರತಿ ವಹಿವಾಟಿಗೆ ಒಂದು ಸಾಲು: ಪಾವತಿಯ ವಿಧಾನ, ಕಾರ್ಡಾದರೆ ಯಾವ ಜಾಲ, ಡೆಬಿಟ್ಟೋ ಕ್ರೆಡಿಟ್ಟೋ, ಮೊತ್ತ, ಶುಲ್ಕ, ತೆರಿಗೆ, ಖಾತೆಗೆ ಬಂದದ್ದು. ಹೆಚ್ಚಿನ ಅಂಗಡಿಯವರು ಕೊನೆಯ ಕಾಲಂ ಬಿಟ್ಟು ಬೇರೆ ನೋಡುವುದಿಲ್ಲ. ನೋಡಬೇಕಾದದ್ದು ಮೊದಲ ಕಾಲಂ. ಅದನ್ನು ಹಿಡಿದು ವಿಂಗಡಿಸಿದಾಗ ಒಂದು ತಿಂಗಳ ಚಿತ್ರ ಹೀಗೆ ಬಂತು (ಗೇಟ್‌ವೇ ಚಾರ್ಜಿನ ಸಾಲು ಸೇರಿಸುವ ಮೊದಲಿನ ಮೊತ್ತ):

ಯುಪಿಐ: ₹1,95,000, ಶುಲ್ಕ ಸೊನ್ನೆ.
ರೂಪೇ ಡೆಬಿಟ್ ಕಾರ್ಡ್: ₹10,000, ಇರಬೇಕಾದ ಶುಲ್ಕ ಸೊನ್ನೆ.
ಬೇರೆ ಡೆಬಿಟ್ ಕಾರ್ಡ್: ₹20,000, ಶೇ 0.90ರಂತೆ ₹180.
ಕ್ರೆಡಿಟ್ ಕಾರ್ಡ್: ₹60,000, ಶೇ 2ರಂತೆ ₹1,200.
ನೆಟ್ ಬ್ಯಾಂಕಿಂಗ್ ಮತ್ತು ವಾಲೆಟ್: ₹15,000, ಶೇ 2ರಂತೆ ₹300.

ಒಟ್ಟು ₹1,680. ಸೇರಿಸಿದ ಸಾಲಿನ ಮೊತ್ತದ ಮೇಲೂ ಗೇಟ್‌ವೇ ತನ್ನ ದರ ಹಾಕುವುದರಿಂದ ಅದು ₹1,720ರ ಹತ್ತಿರಕ್ಕೆ ಹೋಗುತ್ತದೆ. ಅಂಗಡಿ ಗಿರಾಕಿಗಳಿಂದ ವಸೂಲು ಮಾಡಿದ್ದು ₹3 ಲಕ್ಷಕ್ಕೆ ಶೇ 2.36ರಂತೆ ₹7,080. ಅಂದರೆ ಹೋದ ಒಂದು ರೂಪಾಯಿಗೆ ನಾಲ್ಕು ರೂಪಾಯಿ ಬಂದಿದೆ. ಮಾಲೀಕರಿಗೆ ಇದು ಗೊತ್ತೇ ಇರಲಿಲ್ಲ, ಅವರ ಮಾತನ್ನು ನಂಬಬಹುದು. ಶೇ 2 ಎಂಬ ಅಂಕಿ ಒಮ್ಮೆ ಕಿವಿಗೆ ಬಿದ್ದ ಮೇಲೆ ಅದು ಎಲ್ಲ ಪಾವತಿಗೂ ಅನ್ವಯ ಅಂತಲೇ ತಲೆಯಲ್ಲಿ ಕೂತಿತ್ತು.

ಯುಪಿಐ ಮತ್ತು ರೂಪೇ ಡೆಬಿಟ್‌ಗೆ ಸೊನ್ನೆ ಏಕೆಂದರೆ, 2020ರ ಜನವರಿ 1ರಿಂದ ಇವೆರಡಕ್ಕೂ ಎಂಡಿಆರ್ ಇಲ್ಲ. ಎಂಡಿಆರ್ ಅಂದರೆ ಮಾರುವವರ ಹಣದಲ್ಲಿ ಬ್ಯಾಂಕು ಮುರಿದುಕೊಳ್ಳುವ ಪಾಲು. ಪಾವತಿ ಮತ್ತು ಸೆಟಲ್‌ಮೆಂಟ್ ವ್ಯವಸ್ಥೆಗಳ ಕಾಯ್ದೆ, 2007ಕ್ಕೆ ಸೇರಿಸಿದ 10ಎ ಕಲಮಿನ ಪ್ರಕಾರ ಬ್ಯಾಂಕಾಗಲಿ ವ್ಯವಸ್ಥೆ ನಡೆಸುವವರಾಗಲಿ ಈ ವಿಧಾನಗಳಲ್ಲಿ ಹಣ ಕೊಡುವವರಿಂದಲೂ ಪಡೆಯುವವರಿಂದಲೂ ನೇರವಾಗಿ ಅಥವಾ ಸುತ್ತಿ ಬಳಸಿ ಶುಲ್ಕ ಹಿಡಿಯುವಂತಿಲ್ಲ. ಬೇರೆ ಡೆಬಿಟ್ ಕಾರ್ಡಿಗೆ ಆರ್‌ಬಿಐ 2018ರ ಜನವರಿ 1ರಿಂದ ಮಿತಿ ಹಾಕಿದೆ: ಹಿಂದಿನ ವರ್ಷದ ವಹಿವಾಟು ₹20 ಲಕ್ಷದೊಳಗಿದ್ದರೆ ಶೇ 0.40, ಒಂದು ವಹಿವಾಟಿಗೆ ಹೆಚ್ಚೆಂದರೆ ₹200. ಅದಕ್ಕಿಂತ ದೊಡ್ಡ ಅಂಗಡಿಗೆ ಶೇ 0.90, ಹೆಚ್ಚೆಂದರೆ ₹1,000. ಕ್ರೆಡಿಟ್ ಕಾರ್ಡಿಗೆ ಇಂಥ ಮಿತಿ ಇಲ್ಲ, ಅದು ಗೇಟ್‌ವೇ ಜತೆಗಿನ ಮಾತುಕತೆಗೆ ಬಿಟ್ಟದ್ದು.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ಹಲವು ಗೇಟ್‌ವೇಗಳು ಯುಪಿಐಗೆ ಎಂಡಿಆರ್ ಹಾಕದಿದ್ದರೂ ‘ಪ್ಲಾಟ್‌ಫಾರ್ಮ್ ಶುಲ್ಕ’ ಎಂಬ ಹೆಸರಿನಲ್ಲಿ ಒಂದಿಷ್ಟು ಹಿಡಿಯುತ್ತವೆ. ಈ ಅಂಗಡಿಯ ಒಪ್ಪಂದದಲ್ಲಿ ಅದು ಇರಲಿಲ್ಲ, ನಿಮ್ಮದರಲ್ಲಿ ಇರಬಹುದು, ದರಪಟ್ಟಿ ತೆಗೆದು ಓದಿ. ಇನ್ನೊಂದು, ಯುಪಿಐ ಸಾಲಿನಲ್ಲೇ ಅಲ್ಲೊಂದು ಇಲ್ಲೊಂದು ಶುಲ್ಕ ಕಂಡರೆ ಗಿರಾಕಿ ರೂಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡು ಕೊಟ್ಟಿರಬಹುದು. ಅದು ಕ್ರೆಡಿಟ್ ವಹಿವಾಟು, ಸೊನ್ನೆ ದರ ಅದಕ್ಕೆ ಎಲ್ಲ ಸಂದರ್ಭಕ್ಕೂ ಸಿಗುವುದಿಲ್ಲ.

ವರದಿಯಲ್ಲಿ ಇನ್ನೊಂದು ಹುಳುಕೂ ಸಿಕ್ಕಿತು. ರೂಪೇ ಡೆಬಿಟ್ ಸಾಲುಗಳ ಮೇಲೂ ಶೇ 0.90ರಂತೆ ತಿಂಗಳಿಗೆ ₹90 ಕತ್ತರಿಸಲಾಗಿತ್ತು. ಮೇಲಿನ ಲೆಕ್ಕಕ್ಕೆ ಅದನ್ನು ಸೇರಿಸಿಲ್ಲ, ಏಕೆಂದರೆ ಅದು ಖರ್ಚಲ್ಲ, ವಾಪಸ್ ಬರಬೇಕಾದ ಹಣ. ಪಾವತಿ ಸಂಖ್ಯೆ, ದಿನಾಂಕ, ಕತ್ತರಿಸಿದ ಮೊತ್ತ ಮೂರನ್ನೂ ಪಟ್ಟಿ ಮಾಡಿ, 10ಎ ಕಲಂ ಉಲ್ಲೇಖಿಸಿ ಗೇಟ್‌ವೇಗೆ ಬರೆಯಬೇಕು.

2.36 ಅಲ್ಲ, 2

ಶೇ 2.36 ಎಂಬುದೇ ತಪ್ಪು ಅಂಕಿ. ಅದರಲ್ಲಿರುವ 0.36 ಜಿಎಸ್‌ಟಿ. ಹೊರರಾಜ್ಯಕ್ಕೆ ಮಾಲು ಕಳಿಸುವ ಅಂಗಡಿ ವಹಿವಾಟು ಎಷ್ಟೇ ಇರಲಿ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕು, ಇದೂ ಮಾಡಿಸಿದೆ. ನೋಂದಣಿ ಇದ್ದ ಮೇಲೆ ಗೇಟ್‌ವೇ ಶುಲ್ಕದ ಮೇಲಿನ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ಟಾಗಿ ಮರಳಿ ಬರುತ್ತದೆ. ಸರ್ಕಾರದಿಂದ ವಾಪಸ್ ಸಿಗುವ ತೆರಿಗೆಯನ್ನು ಗಿರಾಕಿಯಿಂದಲೂ ಪಡೆದರೆ ಒಂದೇ ಹಣವನ್ನು ಎರಡು ಕಡೆ ಎಣಿಸಿದಂತೆ.

ಆದರೆ ಈ ಅಂಗಡಿಗೆ ಆ ಕ್ರೆಡಿಟ್ ಬರುತ್ತಲೇ ಇರಲಿಲ್ಲ. ಗೇಟ್‌ವೇ ಖಾತೆ ತೆರೆಯುವಾಗ ಜಿಎಸ್‌ಟಿ ಸಂಖ್ಯೆಯ ಜಾಗ ಖಾಲಿ ಬಿಟ್ಟಿದ್ದರು. ಆದ್ದರಿಂದ ತಿಂಗಳ ಬಿಲ್ಲು ನೋಂದಣಿ ಇಲ್ಲದವರ ಹೆಸರಿನಲ್ಲಿ ಹೋಗುತ್ತಿತ್ತು, ಸಿಗಬೇಕಾದ ಕ್ರೆಡಿಟ್ ತೋರಿಸುವ ತಿಂಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಕಾಣುತ್ತಿರಲಿಲ್ಲ. ಪ್ರೊಫೈಲಿನಲ್ಲಿ ಸಂಖ್ಯೆ ತುಂಬಿಸಿ, ಹಳೆಯ ಬಿಲ್ಲುಗಳನ್ನು ತಿದ್ದಿಕೊಡಲು ಕೇಳಬೇಕು. ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30 ದಾಟಿದರೆ, ಅಥವಾ ಅದಕ್ಕೂ ಮೊದಲೇ ವಾರ್ಷಿಕ ರಿಟರ್ನ್ ಹಾಕಿಬಿಟ್ಟರೆ, ಆ ವರ್ಷದ ಕ್ರೆಡಿಟ್ ಕೈತಪ್ಪಿದ ಹಾಗೆಯೇ.

ಜತೆಗೆ, ₹2,000ದವರೆಗಿನ ಕಾರ್ಡ್ ವಹಿವಾಟನ್ನು ಸೆಟಲ್ ಮಾಡುವ ಸೇವೆಗೆ ಜಿಎಸ್‌ಟಿಯೇ ಇಲ್ಲ. ಆರ್‌ಬಿಐ ನಿಯಂತ್ರಣದಲ್ಲಿರುವ ಪೇಮೆಂಟ್ ಅಗ್ರಿಗೇಟರ್‌ಗಳಿಗೂ (ಅಂಗಡಿಗಳ ಪರವಾಗಿ ಹಣ ಪಡೆದು ತಲುಪಿಸುವ ಕಂಪನಿಗಳು) ಈ ವಿನಾಯಿತಿ ಅನ್ವಯ ಎಂದು 2024ರ ಡಿಸೆಂಬರ್‌ನ ಜಿಎಸ್‌ಟಿ ಮಂಡಳಿ ಸಭೆ ಸ್ಪಷ್ಟಪಡಿಸಿತು. ಸರಾಸರಿ ₹1,000ದ ಆರ್ಡರ್ ಇರುವ ಅಂಗಡಿಯಲ್ಲಿ ಬಹುಪಾಲು ಕಾರ್ಡ್ ಸಾಲುಗಳ ತೆರಿಗೆ ಕಾಲಂ ಖಾಲಿ ಇರಬೇಕು. ಖಾಲಿ ಇಲ್ಲದಿದ್ದರೆ ಅದನ್ನೂ ಕೇಳಬೇಕು.

ಹಾಗಾಗಿ ನಿಜವಾದ ಖರ್ಚು ₹3 ಲಕ್ಷಕ್ಕೆ ₹1,680, ಅಂದರೆ ಶೇ 0.56. ಆರ್ಡರಿಗೆ ₹5.60, ಅರ್ಧ ಕೆಜಿ ಪೊಟ್ಟಣಕ್ಕೆ ₹2.80. ಇಷ್ಟಕ್ಕಾಗಿ ₹23.60 ವಸೂಲು ಮಾಡಿ ಗಿರಾಕಿಯ ವಿಶ್ವಾಸ ಕಳೆದುಕೊಂಡದ್ದು ಬೇಸರದ ಸಂಗತಿ.

ಕಾನೂನಿನ ಮುಳ್ಳು ಎಲ್ಲೆಲ್ಲಿ

ಡೆಬಿಟ್ ಕಾರ್ಡಿನ ವಿಷಯ ಸ್ಪಷ್ಟವಾಗಿದೆ. ಶೇಕಡಾವಾರು ಶುಲ್ಕ ಹಾಕುವ ಅಂಗಡಿಗಳು ಬ್ಯಾಂಕಿನ ಜತೆಗಿನ ಒಪ್ಪಂದ ಮುರಿದಂತೆ, ಅಂಥವರ ಸಂಬಂಧ ಕಡಿದುಕೊಳ್ಳಬೇಕು ಎಂದು ಆರ್‌ಬಿಐ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. 2017ರ ಡಿಸೆಂಬರ್‌ನ ಸುತ್ತೋಲೆಯಲ್ಲೂ, ಡೆಬಿಟ್ ಕಾರ್ಡಿನ ಎಂಡಿಆರ್ ಅನ್ನು ಅಂಗಡಿಯವರು ಗಿರಾಕಿಗೆ ದಾಟಿಸದಂತೆ ಬ್ಯಾಂಕುಗಳು ನೋಡಿಕೊಳ್ಳಬೇಕು ಎಂದಿದೆ.

ಕ್ರೆಡಿಟ್ ಕಾರ್ಡಿಗೆ ಈ ಮಾತು ಅಷ್ಟೇ ನೇರವಾಗಿ ಬರೆದಿಲ್ಲ. ಆದರೆ ಗೇಟ್‌ವೇ ಒಪ್ಪಂದವನ್ನು ಪೂರ್ತಿ ಓದಿದರೆ, ಕಾರ್ಡಿನಲ್ಲಿ ಕೊಟ್ಟವರಿಗೆ ಹೆಚ್ಚು ಬೆಲೆ ಹಾಕಬಾರದೆಂಬ ಷರತ್ತು ಸಾಮಾನ್ಯವಾಗಿ ಎಲ್ಲೋ ಒಳಗೆ ಇರುತ್ತದೆ. ಖಾತೆ ತಡೆಹಿಡಿಯುವ ಅಧಿಕಾರವೂ ಅದರ ಆಸುಪಾಸಿನಲ್ಲೇ ಇರುತ್ತದೆ.

ಈ ಪ್ರಕರಣದಲ್ಲಿ ಇವೆಲ್ಲಕ್ಕಿಂತ ಬಲವಾದದ್ದು ಎಂಆರ್‌ಪಿ. ಪೊಟ್ಟಣದ ಮೇಲೆ ಅಚ್ಚಾದ ₹450 ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳು, 2011ರ 18ನೇ ನಿಯಮದ ಪ್ರಕಾರ ಅದನ್ನು ಮೀರಿ ಯಾರೂ ಮಾರುವಂತಿಲ್ಲ. ಕೊರಿಯರ್ ಖರ್ಚು ಮನೆಗೆ ತಲುಪಿಸುವ ಬೇರೆ ಸೇವೆ, ಅದನ್ನು ಬೇರೆಯಾಗಿ ಹೇಳಿ ಪಡೆಯುವುದು ರೂಢಿ. ₹450 ಕೊಡುವುದಕ್ಕೇ ₹10.62 ಹೆಚ್ಚು ಕೇಳಿದರೆ ಅದು ಯಾವ ಸೇವೆ? ಕಾನೂನು ಮಾಪನಶಾಸ್ತ್ರ ಇಲಾಖೆಯವರ ಮುಂದೆ ಇದಕ್ಕೆ ಉತ್ತರ ಕೊಡುವುದು ಕಷ್ಟ.

ಇನ್ನು ಆ ಸಾಲನ್ನು ತೋರಿಸಿದ ಜಾಗ. ಗಿರಾಕಿ ವಿಳಾಸ, ಪಿನ್ ಕೋಡ್, ಮೊಬೈಲ್ ಸಂಖ್ಯೆ ಎಲ್ಲ ತುಂಬಿ, ಪಾವತಿ ವಿಧಾನ ಆರಿಸಿದ ಮೇಲೆ ಕೊನೆಯ ಪುಟದಲ್ಲಿ ₹1,000 ಇದ್ದದ್ದು ₹1,023.60 ಆಗುತ್ತಿತ್ತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿದ 13 ‘ಡಾರ್ಕ್ ಪ್ಯಾಟರ್ನ್’ಗಳಲ್ಲಿ (ಗಿರಾಕಿಯನ್ನು ದಾರಿ ತಪ್ಪಿಸುವ ತಂತ್ರಗಳು) ಇದೂ ಒಂದು, ಹೆಸರು ‘ಡ್ರಿಪ್ ಪ್ರೈಸಿಂಗ್’. 2020ರ ಇ-ಕಾಮರ್ಸ್ ನಿಯಮಗಳೂ ಎಲ್ಲ ಖರ್ಚು ಸೇರಿದ ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ, ವಿವರದೊಂದಿಗೆ ತೋರಿಸಬೇಕು ಎನ್ನುತ್ತವೆ.

‘ರೈಲ್ವೆ ಟಿಕೆಟ್‌ಗೂ ಹಾಕ್ತಾರಲ್ಲ?’ ಎಂಬುದು ಮಾಲೀಕರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಐಆರ್‌ಸಿಟಿಸಿ 2019ರ ಸೆಪ್ಟೆಂಬರ್‌ನಿಂದ ಎಸಿ ಇಲ್ಲದ ಟಿಕೆಟಿಗೆ ₹15, ಎಸಿಗೆ ₹30 ಕನ್ವೀನಿಯನ್ಸ್ ಫೀ ಹಿಡಿಯುತ್ತಿದೆ. ಯುಪಿಐನಲ್ಲಿ ಕೊಟ್ಟರೆ ₹10 ಮತ್ತು ₹20, ಜಿಎಸ್‌ಟಿ ಬೇರೆ. ಆದರೆ ಅದು ಟಿಕೆಟ್ ಬೆಲೆಯ ಶೇಕಡಾ ಲೆಕ್ಕವಲ್ಲ, ಮನೆಯಿಂದಲೇ ಕಾದಿರಿಸುವ ಸೌಲಭ್ಯಕ್ಕೆ ನಿಗದಿಯಾದ ಮೊತ್ತ. ಬೇಡವೆಂದವರಿಗೆ ನಿಲ್ದಾಣದ ಕೌಂಟರ್ ಇದೆ. ಟಿಕೆಟಿಗೆ ಎಂಆರ್‌ಪಿ ಅಚ್ಚಾಗಿರುವುದಿಲ್ಲ. ಹೈದರಾಬಾದಿನಲ್ಲಿ ಕೂತವರಿಗೆ ಚಿಕ್ಕಮಗಳೂರಿನ ಕೌಂಟರ್ ದಾರಿಯಲ್ಲ.

ಪುಸ್ತಕದೊಳಗಿನ ತಪ್ಪು

ಅಂಗಡಿಯ ಲೆಕ್ಕದಲ್ಲಿ ಗೇಟ್‌ವೇ ಚಾರ್ಜಿನ ಸಾಲಿಗೆ ಜಿಎಸ್‌ಟಿಯೇ ಕಟ್ಟಿರಲಿಲ್ಲ, ‘ಅದು ನಮ್ಮ ಆದಾಯ ಅಲ್ಲ’ ಎಂಬ ನಂಬಿಕೆಯಲ್ಲಿ. ಕೇಂದ್ರ ಜಿಎಸ್‌ಟಿ ಕಾಯ್ದೆಯ 15ನೇ ಕಲಂ ಪ್ರಕಾರ ಮಾಲಿನ ಜತೆಗೆ ಗಿರಾಕಿಯಿಂದ ಪಡೆದ ಪ್ರಾಸಂಗಿಕ ಖರ್ಚೂ ಮಾಲಿನ ಮೌಲ್ಯಕ್ಕೇ ಸೇರುತ್ತದೆ. ಹುರಿದ ಕಾಫಿಗೆ ಶೇ 5, ಆದ್ದರಿಂದ ಈ ಸಾಲಿಗೂ ಶೇ 5. ₹7,080ರೊಳಗೆ ₹337 ತೆರಿಗೆ ಅಡಗಿದೆ. ತಡವಾದರೆ ಅದಕ್ಕೆ ವರ್ಷಕ್ಕೆ ಶೇ 18 ಬಡ್ಡಿ.

ಎರಡನೆಯದು ಇನ್ನೂ ಸಾಮಾನ್ಯ. ಬ್ಯಾಂಕಿಗೆ ಬಂದ ನಿವ್ವಳ ಮೊತ್ತವನ್ನೇ ಮಾರಾಟವೆಂದು ಬರೆಯುತ್ತಿದ್ದರು. ಮಾರಾಟ ಪೂರ್ತಿ ಮೊತ್ತ, ಗೇಟ್‌ವೇ ಶುಲ್ಕ ಬೇರೆ ಖರ್ಚು. ಎರಡನ್ನೂ ಬೇರೆ ಬೇರೆ ಬರೆಯದಿದ್ದರೆ ರಿಟರ್ನ್‌ನಲ್ಲಿ ತೋರಿಸಿದ ವಹಿವಾಟು ಪಾವತಿ ಕಂಪನಿಗಳ ದಾಖಲೆಗಿಂತ ಕಡಿಮೆ ಬರುತ್ತದೆ. 2025ರ ಜುಲೈನಲ್ಲಿ ಯುಪಿಐ ಅಂಕಿಗಳನ್ನು ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಬಂದದ್ದು ನೆನಪಿದ್ದವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತಿರುತ್ತದೆ.

ಸರಿಪಡಿಸಿದ ಬಗೆ

ಮೊದಲು ಆ ಸಾಲನ್ನು ತೆಗೆಯಲಾಯಿತು. ವೆಬ್‌ಸೈಟ್ ಪ್ಲಗಿನ್‌ನಲ್ಲಿ ‘ಎಕ್ಸ್‌ಟ್ರಾ ಫೀ’ ಆಯ್ಕೆಯನ್ನು ಸೊನ್ನೆ ಮಾಡಿದರೆ ಸಾಲದು, ಸೊನ್ನೆ ರೂಪಾಯಿಯ ಸಾಲು ಬಿಲ್ಲಿನಲ್ಲಿ ಹಾಗೇ ಉಳಿಯುತ್ತದೆ. ಅದನ್ನು ನಿಷ್ಕ್ರಿಯಗೊಳಿಸಿ, ಒಂದು ಆರ್ಡರ್ ಹಾಕಿ, ಬಿಲ್ಲಿನ ಪಿಡಿಎಫ್ ತೆರೆದು ನೋಡಬೇಕು. ಗೇಟ್‌ವೇ ಡ್ಯಾಶ್‌ಬೋರ್ಡಿನಲ್ಲೂ ಶುಲ್ಕವನ್ನು ಗಿರಾಕಿ ಭರಿಸುವ ಆಯ್ಕೆ ಬೇರೆಯೇ ಇರಬಹುದು. ಎರಡೂ ಕಡೆ ಆನ್ ಇದ್ದು ಗಿರಾಕಿ ಎರಡು ಸಲ ತೆತ್ತ ಉದಾಹರಣೆಗಳಿವೆ.

ಆಮೇಲೆ ಬೆಲೆ. ಪೊಟ್ಟಣಕ್ಕೆ ₹2.80 ಖರ್ಚು, ಅದಕ್ಕೆ ಶೇ 5 ತೆರಿಗೆ ಸೇರಿ ₹2.94. ಎಂಆರ್‌ಪಿಯನ್ನು ₹455 ಮಾಡುವುದೆಂದಾಯಿತು. ತಿಂಗಳಿಗೆ 600 ಪೊಟ್ಟಣಕ್ಕೆ ₹3,000 ಹೆಚ್ಚು ಬರುತ್ತದೆ, ತೆರಿಗೆ ಕಳೆದು ₹2,857. ಶುಲ್ಕದ ₹1,680 ಹೋಗಿ ಉಳಿಯುವ ₹1,177 ರೀಫಂಡ್‌ಗಳಲ್ಲಿ ಕಳೆದುಹೋಗುವ ಶುಲ್ಕಕ್ಕೆ ಮತ್ತು ವಾಪಸ್ ಕೊರಿಯರಿಗೆ. ಮಾಲು ಮರಳಿದರೂ ಕಾರ್ಡಿನ ಮೇಲೆ ಹಿಡಿದ ಶುಲ್ಕವನ್ನು ಗೇಟ್‌ವೇಗಳು ಸಾಮಾನ್ಯವಾಗಿ ಮರಳಿಸುವುದಿಲ್ಲ. ಅದು ವ್ಯಾಪಾರದ ಖರ್ಚು, ಅಂಗಡಿಯ ತಪ್ಪಿನಿಂದ ಮರಳಿದ ಮಾಲಿಗೆ ಗಿರಾಕಿಯಿಂದ ಮುರಿದುಕೊಳ್ಳುವಂತಿಲ್ಲ.

ಮಾಲೀಕರು ಗೋದಾಮಿನಲ್ಲಿದ್ದ ಹಳೆಯ ಪೊಟ್ಟಣಗಳಿಗೆ ₹455ರ ಚೀಟಿ ಅಂಟಿಸಲು ಹೊರಟಿದ್ದರು. ಅದು ಕೂಡದು. ಬೆಲೆ ಇಳಿಸಲು ಚೀಟಿ ಹಚ್ಚಬಹುದು, ಆಗಲೂ ಹಳೆಯ ಬೆಲೆ ಮುಚ್ಚಬಾರದು. ಏರಿಸಲು ಚೀಟಿ ಹಚ್ಚುವಂತಿಲ್ಲ. ಹಳೆಯ ಮಾಲನ್ನು ₹450ಕ್ಕೇ ಮಾರಿ ಮುಗಿಸಿ, ಹೊಸ ಕವರಿನಲ್ಲಿ ಹೊಸ ಬೆಲೆ ಅಚ್ಚು ಹಾಕಿಸಬೇಕು.

ಕೌಂಟರಿನಲ್ಲಿ ನಗದು ಕೊಡುವವರಿಗೆ, ವೆಬ್‌ಸೈಟಿನಲ್ಲಿ ಯುಪಿಐ ಆರಿಸುವವರಿಗೆ ಪೊಟ್ಟಣಕ್ಕೆ ₹5 ರಿಯಾಯಿತಿ ಕೊಡಲು ಅಡ್ಡಿಯಿಲ್ಲ. ಎಂಆರ್‌ಪಿಗಿಂತ ಕಡಿಮೆಗೆ ಮಾರುವುದು ತಪ್ಪಲ್ಲ, ರಿಯಾಯಿತಿಯನ್ನು ಬಿಲ್ಲಿನಲ್ಲೇ ತೋರಿಸಿದರೆ ಜಿಎಸ್‌ಟಿಯೂ ಕಡಿಮೆ ಮೊತ್ತಕ್ಕೇ. ಆದರೆ ಮೂರರಲ್ಲಿ ಎರಡು ಪಾಲು ಗಿರಾಕಿಗಳು ಈಗಾಗಲೇ ಯುಪಿಐನಲ್ಲೇ ಕೊಡುತ್ತಿರುವಾಗ, ಅವರಿಗೆಲ್ಲ ₹5 ಬಿಟ್ಟರೆ ಏರಿಸಿದ ಬೆಲೆಯೇ ಕರಗಿಹೋಗುತ್ತದೆ. ಈ ಅಂಗಡಿಗೆ ರಿಯಾಯಿತಿ ಬೇಡವೆಂದೇ ನಮ್ಮ ಸಲಹೆ. ಪಾವತಿ ಪುಟದಲ್ಲಿ ಯುಪಿಐಯನ್ನು ಮೊದಲ ಆಯ್ಕೆಯಾಗಿ ಇಟ್ಟರೆ ಸಾಕು.

ಸಗಟು ಕೊಳ್ಳುವ ಕೆಫೆಗಳ ವಿಷಯ ಬೇರೆ. ಕೆಜಿಗೆ ₹800ರಂತೆ 50 ಕೆಜಿ, ₹40,000, ಕ್ರೆಡಿಟ್ ಕಾರ್ಡಿನಲ್ಲಿ. ಇಲ್ಲಿ ಶುಲ್ಕವೇ ₹800. ಅಂಗಡಿಯವರು ಶೇ 2 ಸೇರಿಸಿ ₹40,800 ಕೇಳುತ್ತಿದ್ದರು. ಗೇಟ್‌ವೇ ₹40,800ರ ಮೇಲೆ ಶೇ 2 ಹಿಡಿದರೆ ₹816, ಉಳಿಯುವುದು ₹39,984. ಕೈಗೆ ಪೂರ್ತಿ ₹40,000 ಬೇಕಾದರೆ 40,000ವನ್ನು 0.98ರಿಂದ ಭಾಗಿಸಬೇಕು: ₹40,816.33. ಹೆಚ್ಚಿಸಿದ ಮೊತ್ತದ ತೆರಿಗೆ ಇದಕ್ಕೂ ಬೇರೆ. ಇಷ್ಟೆಲ್ಲ ಕಸರತ್ತಿಗಿಂತ ಕೊಟೇಶನ್‌ನಲ್ಲೇ ಬೆಲೆಯನ್ನು ಕೆಜಿಗೆ ₹820 ಎಂದು ಬರೆದು, ನೆಫ್ಟ್ ಅಥವಾ ಐಎಂಪಿಎಸ್‌ನಲ್ಲಿ ಕಳಿಸಿದರೆ ಕೆಜಿಗೆ ₹20 ರಿಯಾಯಿತಿ ಎನ್ನುವುದು ಒಳ್ಳೆಯದು. ಕೆಫೆಯವರು ಲೆಕ್ಕ ಹಾಕಿ ಬ್ಯಾಂಕ್ ವರ್ಗಾವಣೆಗೇ ಬರುತ್ತಾರೆ.

ಹಳೆಯ ವಸೂಲಿಯ ವಾಪಸಾತಿ

ಹನ್ನೊಂದು ತಿಂಗಳಲ್ಲಿ ಆ ಸಾಲಿನಿಂದ ಬಂದದ್ದು ₹77,880. ಇದರಲ್ಲಿ ಯುಪಿಐ ಮತ್ತು ಎಲ್ಲ ಡೆಬಿಟ್ ಕಾರ್ಡಿನವರದು ₹58,410, ಹೆಚ್ಚುಕಡಿಮೆ 2,475 ಆರ್ಡರ್. ಈ ಭಾಗವನ್ನು ಮರಳಿಸಲು ಅಂಗಡಿ ಒಪ್ಪಿತು. ಕೂಪನ್ ಕೊಡೋಣ ಎಂಬ ಮಾತು ಬಂದಿತ್ತು. ಹಣವಾಗಿ ಪಡೆದದ್ದನ್ನು ಹಣವಾಗಿಯೇ ಕೊಡಬೇಕು, ಮತ್ತೆ ಕೊಂಡರೆ ಮಾತ್ರ ಸಿಗುವ ಕೂಪನ್ ವಾಪಸಾತಿಯಲ್ಲ.

ಈಚಿನ ಆರ್ಡರುಗಳಿಗೆ ಗೇಟ್‌ವೇಯ ‘ಪಾರ್ಷಿಯಲ್ ರೀಫಂಡ್’ ಸಾಕು, ಹಣ ಬಂದ ದಾರಿಯಲ್ಲೇ ಹೋಗುತ್ತದೆ. ತೀರಾ ಹಳೆಯ ಪಾವತಿಗೆ ಆ ಬಾಗಿಲು ಮುಚ್ಚಿರಬಹುದು. ಆಗ ಗಿರಾಕಿಗೆ ಆರ್ಡರ್ ಸಂಖ್ಯೆ, ದಿನಾಂಕ, ಮೊತ್ತ ಬರೆದು ಯುಪಿಐ ಐಡಿ ಕೇಳಬೇಕು. ಲಿಂಕ್ ಕಳಿಸಬಾರದು, ಕ್ಯೂಆರ್ ಕಳಿಸಬಾರದು. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ ಎಂಬುದನ್ನು ಅದೇ ಸಂದೇಶದಲ್ಲಿ ಬರೆಯಬೇಕು. ‘ನಿಮಗೆ ₹23.60 ವಾಪಸ್ ಇದೆ’ ಎಂಬ ಸಂದೇಶ ಕಂಡರೆ ಈ ಕಾಲದಲ್ಲಿ ಯಾರಿಗಾದರೂ ಮೋಸದ ಅನುಮಾನವೇ ಮೊದಲು ಬರುತ್ತದೆ. ಮರಳಿಸಿದ್ದಕ್ಕೆಲ್ಲ ಕ್ರೆಡಿಟ್ ನೋಟ್, ಅಂದರೆ ಹಳೆಯ ಬಿಲ್ಲಿನ ಮೊತ್ತ ಇಳಿಸುವ ದಾಖಲೆ, ಆಗಬೇಕು, ಇಲ್ಲದಿದ್ದರೆ ಮರಳಿಸಿದ ಹಣಕ್ಕೂ ತೆರಿಗೆ ಉಳಿದುಕೊಳ್ಳುತ್ತದೆ.

ಉಳಿದ ₹19,470 ಕ್ರೆಡಿಟ್ ಕಾರ್ಡ್, ನೆಟ್ ಬ್ಯಾಂಕಿಂಗ್, ವಾಲೆಟ್‌ನವರದು. ಇವರಿಂದ ಪಡೆದದ್ದಕ್ಕೆ ಶುಲ್ಕವನ್ನು ನಿಜವಾಗಿ ಕಟ್ಟಿದ್ದೇವೆ, ಇದನ್ನು ಕೊಡುವುದಿಲ್ಲ ಎಂಬುದು ಮಾಲೀಕರ ನಿಲುವು. ಎಂಆರ್‌ಪಿ ಮೀರಿದ್ದು ಇವರ ಬಿಲ್ಲಿನಲ್ಲೂ ಅಷ್ಟೇ ನಿಜ, ಆದ್ದರಿಂದ ಇದನ್ನೂ ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಇಟ್ಟುಕೊಳ್ಳುವವರೆಗೆ ಅದರೊಳಗಿನ ₹927 ಜಿಎಸ್‌ಟಿಯನ್ನಂತೂ ಬಡ್ಡಿ ಸಮೇತ ಕಟ್ಟಲೇಬೇಕು.

ದೂರು ಕೊಟ್ಟ ಬೆಂಗಳೂರಿನ ಗಿರಾಕಿಗೆ ₹23.60 ಎಲ್ಲರಿಗಿಂತ ಮೊದಲು ಹೋಯಿತು, ಜತೆಗೆ ಆ ತಿಂಗಳ ಸೆಟಲ್‌ಮೆಂಟ್ ವರದಿಯಿಂದ ಅವರ ಆರ್ಡರಿನ ಒಂದು ಸಾಲು. ವಿಧಾನ ಯುಪಿಐ, ಮೊತ್ತ ₹1,023.60, ಶುಲ್ಕ 0.00, ತೆರಿಗೆ 0.00.